ದಪಿರ್: ನಮ್ಮ ಲಿಪಿಯ ದೂರದ ದಾಯಾದಿ

ಆರ್ಮೇನಿಯನ್ ಭಾಷೆಯಲ್ಲಿ ಶಾಲೆಗೆ ದಪ್ರೊತ್ಸ್ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾಲಗೆಯನ್ನು ಎಡವಿಸುವ ಪದ. ಬರೆಯುವಾಗ ಅವರು ದ, ಪ, ರ ಮೂರನ್ನೂ ನಡುವೆ ಸ್ವರವಿಲ್ಲದೆ ಸಾಲಾಗಿ ನಿಲ್ಲಿಸುತ್ತಾರೆ, ಆಡುವಾಗ ಮಾತ್ರ ಬರಹಕ್ಕೆ ಸಿಗದ ಮೊಟಕು ಅಕಾರವೊಂದು ದಕಾರದ ಬೆನ್ನಿಗೆ ಬಂದು ಕೂರುತ್ತದೆ. ಪದಗಳ ಹಿಂದೆ ಅಲೆಯುವ ನಮ್ಮಂಥವರು ಇಂಥ ಕಡೆ ಸುಮ್ಮನೆ ದಾಟಿಹೋಗುವವರಲ್ಲ. ಕೊನೆಯ ‘ಒತ್ಸ್’ ಎಂಬುದು ಎಡೆಯನ್ನು ಸೂಚಿಸುವ ಪ್ರತ್ಯಯ. ಅದನ್ನು ಕಳಚಿ, ಪ್ರತ್ಯಯದ ಭಾರಕ್ಕೆ ಬಿದ್ದುಹೋದ ಇಕಾರವನ್ನು ಮರಳಿ ಕೂರಿಸಿದರೆ ದಪಿರ್ ಎಂಬ ಪದ ಸಿಗುತ್ತದೆ, ಅರ್ಥ, ಲಿಪಿಕಾರ. ಲಿಪಿಕಾರರಿರುವ ಎಡೆಯೇ ದಪ್ರೊತ್ಸ್. ಈಗ ಅರ್ಥ ಹೇಳುವುದಕ್ಕೆಂದು ನಾನು ಕೈಗೆತ್ತಿಕೊಂಡ ‘ಲಿಪಿ’ ಎಂಬ ಮಾತಿದೆಯಲ್ಲ, ಅದೂ ದಪಿರ್‌ನ ತಲೆಯಲ್ಲಿರುವ ‘ದಪಿ’ಯೂ ಒಂದೇ ಬಸಿರಿನವು.

ಆ ಬಸಿರು ಇರುವುದು ಸುಮೇರಿನಲ್ಲಿ, ಟೈಗ್ರಿಸ್–ಯೂಫ್ರಟಿಸ್ ನದಿಗಳ ಕೆಸರಿನಲ್ಲಿ. ಅಲ್ಲಿ ಜೇಡಿಮಣ್ಣಿನ ಬರಹದ ಹಲಗೆಗೆ ‘ದುಬ್’ ಎನ್ನುತ್ತಿದ್ದರು. ಅದರ ಮೇಲೆ ಬರೆಯುವವನು ದುಬ್‌ಸರ್. ಅದನ್ನು ಕಲಿಸುವ ಜಾಗ ಎ-ದುಬ್ಬಾ, ಅಂದರೆ ಹಲಗೆಗಳ ಮನೆ; ‘ಎ’ ಎಂದರೆ ಮನೆ. ಅಂಗೈಯಗಲದ ಜೇಡಿಯ ಉಂಡೆಯನ್ನು ತಟ್ಟಿ ಮೇಷ್ಟರು ಮೇಲೊಂದು ಸಾಲು ಗೀರಿ ಕೊಡುವುದು, ಹುಡುಗ ಅದನ್ನು ನೋಡಿಕೊಂಡು ಕೆಳಗೋ ಬೆನ್ನಿಗೋ ತಿದ್ದುವುದು, ಇಂಥ ಉಂಡೆಗಳು ನೆಲದಡಿಯಿಂದ ಎಷ್ಟೋ ಎದ್ದುಬಂದಿವೆ. ಹುಡುಗನ ಗೀರು ವಕ್ರವಾಗಿರುವುದನ್ನು ನೋಡಿದರೆ ನಾಲ್ಕು ಸಾವಿರ ವರ್ಷ ಅನ್ನುವುದೇನೂ ದೂರವಲ್ಲ ಅನ್ನಿಸುತ್ತದೆ. ಮರಳಲ್ಲಿ ಅಕ್ಷರ ತಿದ್ದಿದವರಿಗೂ ಹಲಗೆ ಬಳಪ ಹಿಡಿದವರಿಗೂ ಅದು ಗುರುತು ಸಿಗುವ ಗೀರೇ. ಸುಮೇರಿಯನ್ ದುಬ್ ಅಕ್ಕಾಡಿಯನ್ನಿಗೆ ಬಂದು ತುಪ್ಪು ಆಯಿತು, ಅದೇ ಈಲಮ್ ಸೀಮೆಯಲ್ಲಿ ತುಪ್ಪಿ. ಈಲಮಿನವರ ಲೆಕ್ಕ ಬರೆಯುವ ಕಸುಬನ್ನು ನೆಚ್ಚಿಕೊಂಡು ರಾಜ್ಯ ಕಟ್ಟಿದ ಪರ್ಷಿಯನ್ನರ ಬಾಯಲ್ಲಿ ದಿಪಿ. ದಾರಯವೌಷನು ಬೆಹಿಸ್ತೂನಿನ ಬಂಡೆಯಲ್ಲಿ ಕೆತ್ತಿಸಿದ ಶಾಸನ ತನ್ನನ್ನು ತಾನು ಹೆಸರಿಸಿಕೊಳ್ಳುವುದು ಇದೇ ಪದದಿಂದ. ಹಲಗೆ ಹೋಯಿತು, ಅದರ ಮೇಲಿನ ಬರಹಕ್ಕೆ ಹೆಸರು ಅಂಟಿಕೊಂಡಿತು. ಪಾತ್ರೆಯ ಹೆಸರು ಪದಾರ್ಥಕ್ಕೆ ಬರುವುದು ಪದಲೋಕದಲ್ಲಿ ನಿತ್ಯ ನಡೆಯುವ ವ್ಯಾಪಾರ, ನಮ್ಮ ಓಲೆಯೇ ಇಲ್ಲವೆ, ತಾಳೆಗರಿಯಾಗಿದ್ದದ್ದು ಕಾಗದದ ಮೇಲೆ ಬರೆದರೂ ಓಲೆಯೇ!

ಗಾಂಧಾರದ ಕಡೆಯಿಂದ ದಿಪಿ ನಮ್ಮ ಉಪಖಂಡವನ್ನು ಹೊಕ್ಕಿತು. ಅಶೋಕನ ಶಾಸನಗಳಲ್ಲಿ ವಾಯವ್ಯದ ಷಹಬಾಜ್‌ಗಢಿ, ಮಾನ್‌ಸೆಹ್ರಾಗಳವು ‘ದಿಪಿ’ ಎನ್ನುತ್ತವೆ, ಒಳನಾಡಿನವು ‘ಲಿಪಿ’ ಎನ್ನುತ್ತವೆ. ಪಾಣಿನಿಯ ಒಂದು ಸೂತ್ರದಲ್ಲಿ ಲಿಪಿಯ ಜೊತೆಗೆ ‘ಲಿಬಿ’ಯೂ ಕೂತಿದೆ, ಪದ ಇನ್ನೂ ಹೊಸದು, ಮೈಯೊಗ್ಗಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ದಕಾರ ಲಕಾರವಾದದ್ದೇಕೆ? ‘ಲಿಪ್’ ಎಂಬ ಧಾತು, ಲೇಪಿಸು, ಬಳಿ ಎಂಬರ್ಥದ್ದು, ಮನೆಯಲ್ಲೇ ಇತ್ತಲ್ಲ. ಮಸಿ ಬಳಿಯುವ ಕೆಲಸಕ್ಕೆ ಬಂದ ಹೊರಗಿನ ಪದವನ್ನು ಅದು ತನ್ನ ತೊಡೆಯ ಮೇಲೆ ಕೂರಿಸಿಕೊಂಡಿತು. ಲಿಪಿಯನ್ನು ನೇರ ಲಿಪ್ ಧಾತುವಿನಿಂದಲೇ ಹುಟ್ಟಿಸುವ ಪಂಡಿತರ ವಿವರಣೆಯನ್ನು ನಾನೂ ಬಾಲ್ಯದಲ್ಲಿ ಕಲಿತವನೇ. ಅದು ಸಾಕುಮಗನ ಜಾತಕವನ್ನು ಹೆತ್ತ ಮಗನದೆಂದು ತಿದ್ದಿ ಬರೆದ ಹಾಗಾಯಿತು ಎಂದು ಈಗ ಅನ್ನಿಸುತ್ತದೆ.

ಅತ್ತ ಇರಾನಿನಲ್ಲೇ ಉಳಿದ ದಿಪಿ ಬೇರೊಂದು ಹಾದಿ ಹಿಡಿಯಿತು. ದಿಪಿಯನ್ನು ಹೊತ್ತವನು, ಅದರ ಕಸುಬಿನವನು, ದಿಬೀರ್ ಆದ. ಸಸಾನಿ ಅರಸರ ಕಾಲಕ್ಕೆ ದಿಬೀರರದೇ ಒಂದು ವರ್ಗ. ಹೊಸ ಪರ್ಷಿಯನ್ನಿನಲ್ಲಿ ದಬೀರ್ ಆಗಿ ದಖನ್ನಿಗೂ ಬಂದ ಈ ಮಹಾಶಯನನ್ನು ಶಿವಾಜಿಯ ಅಷ್ಟಪ್ರಧಾನರಲ್ಲಿ ಕಾಣುತ್ತೇವೆ. ಸುಮಂತ ಎಂಬ ಸಂಸ್ಕೃತದ ಹೆಸರು ಕೊಟ್ಟದ್ದು ಆತನಿಗೇ. ದಿಪಿಗಳನ್ನು ಇಡುವ ಎಡೆ ದೀವಾನ್. ಖುಸ್ರೋ ದೊರೆ ತನ್ನ ಲೆಕ್ಕಿಗರು ತಮ್ಮಷ್ಟಕ್ಕೆ ತಾವೇ ಗುಣುಗುಟ್ಟುತ್ತ ಗುಣಾಕಾರ ಮಾಡುವುದನ್ನು ಕಂಡು ‘ಇವರೆಲ್ಲ ದೀವಾನಾಗಳು’ ಎಂದನಂತೆ, ಹಾಗಾಗಿ ಕಚೇರಿಗೆ ದೀವಾನ್ ಎಂಬ ಹೆಸರು ಬಂತಂತೆ, ಎಂದು ಅರಬ್ಬಿ ಗ್ರಂಥಕರ್ತರು ಕತೆ ಹೇಳುತ್ತಾರೆ. ಕತೆ ಚೆನ್ನಾಗಿದೆ, ವ್ಯುತ್ಪತ್ತಿ ಸುಳ್ಳು; ಹುಚ್ಚ ಎಂಬರ್ಥದ ದೀವಾನಾ ‘ದೇವ್’ ಎಂಬ ದೆವ್ವದ ಮಗ, ಕಚೇರಿಯ ದೀವಾನ್ ಜೇಡಿಹಲಗೆಯ ಮರಿಮಗ. ಈ ದೀವಾನು ಕಡತದ ಕೋಣೆಯಾಗಿ, ಕಂದಾಯದ ಇಲಾಖೆಯಾಗಿ, ಅದರ ಯಜಮಾನನಾಗಿ, ಯಜಮಾನ ಒರಗುವ ಮೆತ್ತೆಯ ಆಸನವಾಗಿ, ಇನ್ನೊಂದು ದಿಕ್ಕಿನಲ್ಲಿ ಕವಿಯೊಬ್ಬನ ಸಮಗ್ರ ಪದ್ಯಗಳ ಕಟ್ಟಾಗಿ ಅಲೆದು, ಕೊನೆಗೆ ಮೈಸೂರಿನಲ್ಲಿ ಪೂರ್ಣಯ್ಯ, ರಂಗಾಚಾರ್ಲು, ವಿಶ್ವೇಶ್ವರಯ್ಯನವರ ಹೆಸರಿನ ಮುಂದೆ ನಿಂತು, ಈಗ ನಮ್ಮ ನಡುಮನೆಯ ಕಿಟಕಿಯ ಕೆಳಗೆ ದಿಂಬು ಹೊತ್ತು ಮಲಗಿದೆ. ಅದರ ಪ್ರವರವನ್ನೇ ಹೇಳಲು ಕೂತರೆ ಈ ಲೇಖನ ಸಾಲದು. ನಾವು ದಪಿರ್ ಹಿಂದೆ ಹೋಗೋಣ.

ಆರ್ಮೇನಿಯನ್ ಭಾಷೆಯಲ್ಲಿ ಇರಾನೀ ಪದಗಳ ಹೊರೆ ಎಷ್ಟೆಂದರೆ ಅದನ್ನು ಬಹುಕಾಲ ಇರಾನಿನದೇ ಒಂದು ಉಪಭಾಷೆ ಎಂದು ವಿದ್ವಾಂಸರು ತಿಳಿದಿದ್ದರು. ಅಲ್ಲ, ಅದು ಇಂಡೋ–ಯೂರೋಪಿಯನ್ ಮರದ ಪ್ರತ್ಯೇಕ ಕೊಂಬೆ ಎಂದು ಹೈನ್ರಿಷ್ ಹ್ಯೂಬ್ಷ್‌ಮನ್ ತೋರಿಸಿಕೊಟ್ಟದ್ದು 1875ರಲ್ಲಿ. ಹೊರೆಯಲ್ಲಿ ಬಂದ ಪದಗಳನ್ನು ಆರ್ಮೇನಿಯನ್ನರು ಜೋಪಾನವಾಗಿಯೇ ಇಟ್ಟುಕೊಂಡರು. ಪರ್ಷಿಯನ್ನಿನಲ್ಲಿ ಪಕಾರ ಸವೆದು ಬಕಾರವಾಗಿ ದಬೀರ್ ಆಯಿತಲ್ಲ, ಆರ್ಮೇನಿಯನ್ನಿನ ದಪಿರ್‌ನಲ್ಲಿ ಹಳೆಯ ದಿಪಿಯ ಪಕಾರ ಹಾಗೇ ಇದೆ. ಮಾರಿದವನು ಕಳೆದುಕೊಂಡದ್ದು ಕೊಂಡವನ ಪೆಟ್ಟಿಗೆಯಲ್ಲಿ ಉಳಿಯಿತು. (ಇಲ್ಲೊಂದು ತಮಾಷೆ: ಇಸ್ತಾಂಬುಲ್ ಕಡೆಯ ಪಶ್ಚಿಮ ಆರ್ಮೇನಿಯನ್ನರು ದಕಾರ ತಕಾರಗಳನ್ನೂ ಪಕಾರ ಬಕಾರಗಳನ್ನೂ ಅದಲುಬದಲು ಮಾಡಿ ಉಚ್ಚರಿಸುವುದರಿಂದ ಅವರ ಬಾಯಲ್ಲಿ ಅದೇ ಪದ ತಬಿರ್, ತಬ್ರೊತ್ಸ್, ಉಳಿಸಿಕೊಂಡ ಪಕಾರ ಮತ್ತೆ ಬಕಾರ!) ದಪಿರ್‌ಗಳ ಮುಖ್ಯಸ್ಥ ದಪ್ರಪೆತ್, ಈ ‘ಪೆತ್’ ನಮ್ಮ ‘ಪತಿ’ಯೇ, ಸೇನಾಪತಿಯ ಪತಿ. ಆ ಲೆಕ್ಕದಲ್ಲಿ ದಪ್ರಪೆತ್ ಅನ್ನು ಲಿಪಿಪತಿ ಎಂದು ಅಕ್ಷರಕ್ಕಕ್ಷರ ಕನ್ನಡಿಸಬಹುದು. ಕಲಿಸುವವನಿಗೆ ಅವರಲ್ಲಿರುವ ವರ್ಝಪೆತ್ ಎಂಬ ಪದದಲ್ಲೂ ಇದೇ ಪತಿ. ಅಲ್ಲಿನ ‘ವರ್ಝ್’ ಎಂದರೆ ಅಭ್ಯಾಸ, ಸಾಧನೆ, ಹಾಗಾಗಿ ಅವನು ಅಭ್ಯಾಸಪತಿ.

ದಪಿರ್ ಮೊದಮೊದಲು ಮರ್ಯಾದೆಯ ಪದವೇನೂ ಅಲ್ಲ. ಆಸ್ಥಾನದ ಗುಮಾಸ್ತ, ಅಷ್ಟೆ. ಬೈಬಲ್ಲನ್ನು ಆರ್ಮೇನಿಯನ್ನಿಗೆ ತಂದವರು ಏಸು ಕಟುವಾಗಿ ಖಂಡಿಸುವ ಶಾಸ್ತ್ರಿಗಳಿಗೆ ಕೂಡ, ಕನ್ನಡ ಬೈಬಲ್ಲಿನಲ್ಲಿ ನಾವು ‘ಶಾಸ್ತ್ರಿಗಳು, ಫರಿಸಾಯರು’ ಎಂದು ಜೋಡಿಯಾಗಿ ಓದುತ್ತೇವಲ್ಲ ಅವರಿಗೆ, ದಪಿರ್ ಎಂದೇ ಬಳಸಿದರು. ಅಂಥ ಸಹವಾಸ ಬಿದ್ದ ಪದ ಮಕ್ಕಳ ಶಾಲೆಯ ಹೆಸರೊಳಗೆ ಹೋಗಿ ಕೂರಬೇಕಾದರೆ ನಡುವೆ ಯಾರೋ ಒಬ್ಬ ದಪಿರ್ ಬೇರೆ ಥರ ಬದುಕಿರಬೇಕು. ಬದುಕಿದ. ಅವನ ಹೆಸರು ಮೆಸ್ರೋಪ್ ಮಷ್ತೋತ್ಸ್.

ತಾರೋನ್ ಪ್ರಾಂತದ ಹತ್ಸೆಕಾತ್ಸ್ ಎಂಬ ಹಳ್ಳಿಯವನು; ಗ್ರೀಕ್ ಬಲ್ಲವನು. ಅವನ ಶಿಷ್ಯ ಕೋರ್ಯುನ್ ಬರೆದ ಗುರುಚರಿತ್ರೆ ನಮಗೆ ಸಿಗುವ ಹತ್ತಿರದ ಸಾಕ್ಷ್ಯ. ಮಷ್ತೋತ್ಸ್ ವಾಘರ್ಶಪಾತದ ಅರಮನೆಯ ದಿವಾನ್‌ನಲ್ಲಿ, ಆ ಪದವೇ ಅಲ್ಲಿದೆ, ಅರಸನ ಹ್ರಮಾನ್‌ಗಳನ್ನು ನೋಡಿಕೊಳ್ಳುವ ಚಾಕರಿಯಲ್ಲಿದ್ದ ಎಂದು ಅದು ಹೇಳುತ್ತದೆ. ಹ್ರಮಾನ್ ಎಂದರೆ ಅಪ್ಪಣೆ; ನಮ್ಮ ಕಚೇರಿಯ ಫರ್ಮಾನು ಅದರ ಪರ್ಷಿಯನ್ ಅಣ್ಣ, ಸಂಸ್ಕೃತದ ಪ್ರಮಾಣ ಅದರ ಇನ್ನೊಬ್ಬ ದಾಯಾದಿ. ಅವನು ಬರೆಯುತ್ತಿದ್ದ ಅಪ್ಪಣೆಗಳು ಆರ್ಮೇನಿಯನ್ ಭಾಷೆಯವಲ್ಲ. ಆ ಭಾಷೆಗೆ ಅಕ್ಷರವೇ ಇರಲಿಲ್ಲ. ಅರಮನೆಯ ಪತ್ರ ಪರಭಾಷೆಯಲ್ಲಿ, ದೇವಾಲಯದ ಓದು ಗ್ರೀಕಿನಲ್ಲಿ ಅಥವಾ ಸಿರಿಯಾಕಿನಲ್ಲಿ. ಕ್ರೈಸ್ತಮತ ಬಂದು ನೂರು ವರ್ಷವಾಗಿದ್ದರೂ ಕೇಳಲು ನೆರೆದ ಜನಕ್ಕೆ ಸಿರಿಯಾಕ್ ಒಂದಕ್ಷರ ತಿಳಿಯುತ್ತಿರಲಿಲ್ಲ, ಕಲಿಯಬೇಕೆಂಬ ಹುಡುಗರು ಕೈಯ ಹಣ ಸುರಿದು ದೂರದ ಸಿರಿಯಾಕ್ ಮಠಗಳಿಗೆ ಅಲೆಯುತ್ತಿದ್ದರು, ಇದು ಮಷ್ತೋತ್ಸ್‌ನ ಎದೆಯನ್ನು ಕೊರೆಯಿತು ಎಂದು ಇತಿಹಾಸಕಾರ ಘಾಜಾರ್ ಪಾರ್ಪೆತ್ಸಿ ಬರೆಯುತ್ತಾನೆ. ಅವನು ದಿವಾನ್ ಬಿಟ್ಟ, ಸನ್ಯಾಸಿಯಾದ. ದೇಶದ ಧರ್ಮಾಧ್ಯಕ್ಷ ಸಾಹಾಕ್, ದೊರೆ ವ್ರಾಮ್‌ಶಪೂಹ್ ಬೆಂಬಲಕ್ಕೆ ನಿಂತರು. ದಾನಿಯೇಲ್ ಎಂಬ ಸಿರಿಯನ್ ಬಿಷಪ್ಪನ ಬಳಿ ಇದ್ದ ಯಾವುದೋ ಅಕ್ಷರಗಳನ್ನು ತರಿಸಿ ಎರಡು ವರ್ಷ ಹುಡುಗರಿಗೆ ಕಲಿಸಿ ನೋಡಿದರು. ಆರ್ಮೇನಿಯನ್ ಧ್ವನಿಗಳು ಅದರೊಳಗೆ ಹಿಡಿಯಲಿಲ್ಲ. ಕಡೆಗೆ ಶಿಷ್ಯರನ್ನು ಕಟ್ಟಿಕೊಂಡು ಮಷ್ತೋತ್ಸ್ ಎಡೆಸ್ಸಾ, ಅಮಿದ್, ಸಮೋಸಾತಗಳ ಕಡೆ ಹೊರಟ. ಕ್ರಿ.ಶ. 405ರ ಹೊತ್ತಿಗೆ 36 ಅಕ್ಷರಗಳು ಸಿದ್ಧವಾದವು. ರುಫಿನಸ್ ಎಂಬ ಗ್ರೀಕ್ ಲಿಪಿಕುಶಲಿ ಅವುಗಳ ರೇಖೆ ತಿದ್ದಿಕೊಟ್ಟ. ಮೊದಲು ಅನುವಾದಕ್ಕೆ ಎತ್ತಿಕೊಂಡದ್ದು ಸೊಲೊಮೋನನ ಜ್ಞಾನೋಕ್ತಿಗಳನ್ನು, ವಿವೇಕ ಮತ್ತು ಶಿಕ್ಷಣವನ್ನು ಕುರಿತು ತೊಡಗುವ ಪುಸ್ತಕವನ್ನು. ಆಸ್ಥಾನದ ಲಿಪಿಕಾರನೊಬ್ಬ ಕಚೇರಿಯಿಂದ ಎದ್ದುಬಂದು ಮಕ್ಕಳ ಮುಂದೆ ಕೂತದ್ದಕ್ಕೂ ದಪಿರ್ ಎಂಬ ಪದ ದಪ್ರೊತ್ಸ್ ಆಗಿ ಬೆಳೆದದ್ದಕ್ಕೂ ನೇರ ಕಾರ್ಯಕಾರಣವನ್ನು ನಾನು ಹೂಡುವುದಿಲ್ಲ. ಪದಗಳು ಒಬ್ಬನಿಂದ ತಿರುಗುವುದಿಲ್ಲ. ಆದರೆ ಪದದ ಬಾಳು ಒಬ್ಬ ಮನುಷ್ಯನ ಬಾಳಿನೊಡನೆ ಇಷ್ಟು ಹೆಜ್ಜೆ ಕೂಡಿಸಿ ನಡೆದದ್ದನ್ನು ಬೇರೆಲ್ಲೂ ನಾನು ಕಂಡಿಲ್ಲ. ಎ-ದುಬ್ಬಾದಲ್ಲಿ ಶಾಲೆಯಾಗಿ ಹುಟ್ಟಿದ ಧಾತು, ಪರ್ಷಿಯಾದ ಕಚೇರಿಗಳಲ್ಲಿ ಸಾವಿರ ವರ್ಷ ಗುಮಾಸ್ತಿಕೆ ಮಾಡಿ, ಅರಾರತ್ ಬೆಟ್ಟದ ತಪ್ಪಲಲ್ಲಿ ಮತ್ತೆ ಶಾಲೆಯಾಯಿತು. ನಮ್ಮ ಸೇನಬೋವನಿಗೆ ಈ ಭಾಗ್ಯ ಬರಲಿಲ್ಲ. ಶಾಸನಗಳನ್ನು ಬರೆದ ಆತ ಶಾನುಭೋಗನಾಗಿ ಊರ ಖಾತೆ ಕಿರ್ದಿಗಳಲ್ಲೇ ಕಣ್ಣು ಕಳೆದುಕೊಂಡ.

ದಪಿರ್‌ಗೆ ಭಾವನಾಮ ಪ್ರತ್ಯಯ ಹಚ್ಚಿದರೆ ದಪ್ರುತ್ಯುನ್. ಬರೆಯುವ ಕಸುಬು, ಓದು ಬರಹ, ವಿದ್ಯೆ, ಸಾಹಿತ್ಯ, ಇಷ್ಟೂ ಅದರ ಅರ್ಥಛಾಯೆಗಳು. ನಮ್ಮ ವಾಙ್ಮಯಕ್ಕೆ ಹತ್ತಿರ, ಆದರೆ ವಾಙ್ಮಯ ಮಾತಿನಿಂದ ಹೊರಟದ್ದು, ಅದು ಗೀರಿನಿಂದ. ಗ್ರಂಥದ ಒಂದು ಭಾಗಕ್ಕೂ, ನಾವು ಪರ್ವ, ಆಶ್ವಾಸ ಎನ್ನುವಲ್ಲಿ, ದಪ್ರುತ್ಯುನ್ ಎಂಬ ಬಳಕೆಯುಂಟು. ಪಾವ್‌ಸ್ತೊಸನ ಹೆಸರಿನಲ್ಲಿರುವ ಐದನೆಯ ಶತಮಾನದ ಇತಿಹಾಸ ಶುರುವಾಗುವುದೇ ಮೂರನೆಯ ದಪ್ರುತ್ಯುನ್‌ನಿಂದ. ಒಂದು, ಎರಡು ಎಲ್ಲಿ ಎಂದು ಪಂಡಿತರು ಇವತ್ತಿಗೂ ಕಾದಾಡುತ್ತಾರೆ. ಇತಿಹಾಸದ ಪಿತಾಮಹನೆಂದು ಆರ್ಮೇನಿಯನ್ನರು ಕರೆಯುವ ಮೊವ್ಸೆಸ್ ಖೊರೆನಾತ್ಸಿ ಬಾಳಿದ ಕಾಲದ ಬಗ್ಗೆಯಂತೂ ಜಗಳ ಇನ್ನೂ ದೊಡ್ಡದು. ಅವನು ತನ್ನ ಗ್ರಂಥದ ಕೊನೆಗೆ ಎತ್ತುವ ಗೋಳಿನ ದನಿ ಮಾತ್ರ ಎಲ್ಲ ಕಾಲದ ಮೇಷ್ಟರುಗಳದು: ಕಲಿಸುವವರು ದಡ್ಡರು, ಕಲಿಯುವವರು ಸೋಮಾರಿಗಳು. ಏಳನೆಯ ಶತಮಾನದ ಗಣಿತಜ್ಞ ಅನಾನಿಯಾ ಶಿರಾಕಾತ್ಸಿಯದೂ ಅದೇ ರಾಗ. ಟ್ರೆಬಿಜಾಂಡಿನಲ್ಲಿ ತಿಖಿಕೋಸ್ ಎಂಬ ಗುರುವಿನ ಬಳಿ 8 ವರ್ಷ ಕೂತು ಲೆಕ್ಕ ಕಲಿತು ಊರಿಗೆ ಬಂದರೆ, ಬಂದ ಹುಡುಗರು ಅರ್ಧಂಬರ್ಧ ಕಲಿತು ಎದ್ದುಹೋಗಿ ತಾವೇ ಗುರುಗಳಾಗಿಬಿಟ್ಟರಂತೆ! ತನ್ನ ಬಾಳನ್ನು ತಾನೇ ಬರೆದ ಆ ಕಿರುಬರಹದಲ್ಲಿ ಕಹಿ ಒಸರುತ್ತದೆ.

ಇಷ್ಟು ಏರಿದ ಪದದ ಬುಡ ಮಾತ್ರ ನೆಲದಲ್ಲೇ ಉಳಿದದ್ದು ನನಗೆ ಇಷ್ಟ. ಆರ್ಮೇನಿಯನ್ ಚರ್ಚಿನಲ್ಲಿ ದಪಿರ್ ಎಂದರೆ ಕೆಳಗಿನ ಮೆಟ್ಟಿಲಿನವನು. ಹಾಡುವವರ ಸಾಲಿನಲ್ಲಿ ನಿಲ್ಲುವವನು, ಪೀಠವೇರುವವನಲ್ಲ. ಆದರೂ ಹೆಸರಿನ ಬೆನ್ನಿಗೆ ಇದನ್ನೇ ಬಿರುದಾಗಿ ಅಂಟಿಸಿಕೊಂಡು ಹೋದವರಿದ್ದಾರೆ. ವೆನಿಸ್ಸಿನಲ್ಲಿ 1565ರಲ್ಲಿ ಕೀರ್ತನೆಗಳ ಪುಸ್ತಕ ಅಚ್ಚು ಹಾಕಿ, ಎರಡು ವರ್ಷಕ್ಕೆ ಕಾನ್‌ಸ್ಟಾಂಟಿನೋಪಲ್ಲಿಗೆ ಅಚ್ಚುಮೊಳೆ ಕೊಂಡೊಯ್ದು ಅಲ್ಲಿ ಮೊದಲ ಆರ್ಮೇನಿಯನ್ ಮುದ್ರಣಾಲಯ ಹೂಡಿದವನು ಅಬ್ಗಾರ್ ದಪಿರ್. ಅದೇ ನಗರದಲ್ಲಿ ವ್ಯಾಕರಣ ಬರೆದು, ಪ್ರೇಮಗೀತೆಗಳನ್ನೂ ಬರೆದು, ಪಾಠ ಹೇಳಿ, ಹಳೆಯ ಗ್ರಂಥಗಳನ್ನು ಅಚ್ಚಿಗೆ ತಂದು, 1768ರಲ್ಲಿ ತೀರಿಕೊಂಡವನು ಬಘ್ದಾಸಾರ್ ದಪಿರ್. ಲಿಪಿಕಾರ ಎಂದಷ್ಟೇ ಕರೆಸಿಕೊಂಡವರು ಇವರು.

ಹತ್ತೊಂಬತ್ತನೆಯ ಶತಮಾನ ದಪ್ರೊತ್ಸ್‌ಗಳ ಸುಗ್ಗಿ. ಟಿಫ್ಲಿಸಿನ ನೆರ್ಸಿಸ್ಯಾನ್ ದಪ್ರೊತ್ಸ್ ತೆರೆದದ್ದು 1824ರಲ್ಲಿ; ಅಲ್ಲಿ ಓದಿದ ಖಚಾತುರ್ ಅಬೋವ್ಯಾನ್ ಮುಂದೆ ಮೇಷ್ಟರಾಗಿ, ತನ್ನ ಹುಡುಗರು ಪರಭಾಷೆಯ ಪುಸ್ತಕವನ್ನು ಆಸೆಯಿಂದ ಓದಿ ತಮ್ಮದನ್ನು ಮಡಚಿಡುವುದೇಕೆಂದು ಕೊರಗಿ, ಪುಸ್ತಕಗಳೆಲ್ಲ ‘ಗ್ರಬಾರ್’ ಎಂಬ ಹಳೆಯ ಗ್ರಾಂಥಿಕದಲ್ಲಿರುವುದೇ ಕಾರಣವೆಂದು ಕಂಡುಕೊಂಡ. 1841ರಲ್ಲಿ ‘ಆರ್ಮೇನಿಯದ ಗಾಯಗಳು’ ಕಾದಂಬರಿಯನ್ನು ಆಡುಮಾತಿನಲ್ಲಿ ಬರೆದ. 1848ರ ಒಂದು ವಸಂತದ ಬೆಳಗ್ಗೆ ಯೆರೆವಾನಿನ ಮನೆಯಿಂದ ಹೊರಟವನು ಮರಳಲಿಲ್ಲ. ಪುಸ್ತಕ ಅಚ್ಚಾದದ್ದು ಅದಾಗಿ 10 ವರ್ಷಕ್ಕೆ. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸಿಬಿಲ್ ಎಂಬ ಹೆಸರಿನಿಂದ ಬರೆದ ಜಾಬೆಲ್ ಅಸಾತೂರ್, ಹದಿಹರೆಯ ದಾಟದ ಹುಡುಗಿ, 1879ರಲ್ಲಿ ಗೆಳತಿಯರನ್ನು ಕೂಡಿಸಿ ಒಳನಾಡಿನ ಹೆಣ್ಣುಮಕ್ಕಳಿಗೆ ತಬ್ರೊತ್ಸ್ ತೆರೆಯಲು ಸಂಘ ಕಟ್ಟಿದಳು. ಇನ್ನೂ ದೊಡ್ಡ ವಿದ್ಯಾಲಯಗಳಿಗೆ ಚೆಮರಾನ್ ಎಂಬ ಬೇರೆ ಪದ ಬಂತು. ‘ಚೆಮ್’ ಎಂದರೆ ತಿರುಗಾಟ, ಅಡ್ಡಾಡುತ್ತ ಪಾಠ ಹೇಳುತ್ತಿದ್ದ ಅರಿಸ್ಟಾಟಲನ ನೆನಪು ಅದರಲ್ಲಿದೆ. ಕೋಲ್ಕತ್ತದಲ್ಲಿ 1821ರಲ್ಲಿ ಅಲ್ಲಿನ ಆರ್ಮೇನಿಯನ್ನರು ಕಟ್ಟಿದ ಶಾಲೆ ಚೆಮರಾನೇ. ಅದಕ್ಕೂ ಮುಂಚೆ, 1794ರಲ್ಲಿ, ಜಗತ್ತಿನ ಮೊಟ್ಟಮೊದಲ ಆರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಹೊರಟದ್ದು ನಮ್ಮ ನೆರೆಯ ಮದರಾಸಿನಿಂದ, ಹರುತ್ಯುನ್ ಶ್ಮಾವೋನ್ಯಾನ್ ಎಂಬ ಪಾದ್ರಿಯ ಕೈಯಿಂದ. ಇದನ್ನು ಹೇಳದೆ ಹೋದರೆ ನೆರೆಮನೆಯವರಾಗಿ ನಾವು ತಪ್ಪು ಮಾಡಿದಂತೆ.

1915ರ ಏಪ್ರಿಲ್ 24ರ ರಾತ್ರಿ, ಆರ್ಮೇನಿಯನ್ನರ ನರಮೇಧ ಶುರುವಾದಾಗ, ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಮೊದಲು ಮನೆಬಾಗಿಲು ಬಡಿದದ್ದು ಬರೆಯುವವರದು, ಕಲಿಸುವವರದು. ಕವಿ ದಾನಿಯೇಲ್ ವಾರುಜಾನ್ ಶಾಲೆಯೊಂದರ ಮುಖ್ಯೋಪಾಧ್ಯಾಯ, ಆಗಸ್ಟಿನಲ್ಲಿ ಕೊಂದರು. ರೊಟ್ಟಿಯ ಮೇಲೆ, ಉಳುಮೆ ಬಿತ್ತನೆಗಳ ಮೇಲೆ ಅವನು ಕಟ್ಟುತ್ತಿದ್ದ ಪದ್ಯಗಳ ಹಸ್ತಪ್ರತಿ ಹೇಗೋ ಉಳಿದು 1921ರಲ್ಲಿ ಪುಸ್ತಕವಾಯಿತು. ಅನಾತೋಲಿಯದ ಹಳ್ಳಿಗಳಲ್ಲಿ ಅಳಿದುಳಿದವರ ಮಕ್ಕಳಿಗಾಗಿ 1953ರಲ್ಲಿ ಇಸ್ತಾಂಬುಲಿನ ಉಸ್ಕುದಾರಿನಲ್ಲಿ ಒಂದು ವಸತಿಶಾಲೆ ತೆರೆದಾಗ ಹೆಸರು ಹುಡುಕಲು ದೂರ ಹೋಗಲಿಲ್ಲ. ತಬ್ರೆವಾಂಕ್ ಎಂದರು. ‘ವಾಂಕ್’ ಎಂದರೆ ಮಠ, ಲಿಪಿಕಾರಮಠ. ಆಗೋಸ್ ಪತ್ರಿಕೆಯ ಹ್ರಾಂತ್ ದಿಂಕ್ ಓದಿದ್ದು ಅಲ್ಲಿ.

ಈ ಪದದ ಜಾತಕವನ್ನು ಕೂಡಿಸಲು ಕೂತವರ ಪೈಕಿ ಹ್ರಾಚ್ಯಾ ಅಚಾರ್ಯನ್‌ಗೆ ಸಮನಾದವರಿಲ್ಲ. (ಕಿವಿಗೆ ಆಚಾರ್ಯ ಎಂದೇ ಕೇಳಿಸುತ್ತದೆ, ನಂಟೇನಿಲ್ಲ, ‘ಯನ್’ ವಂಶಸೂಚಕ. ಕೇಳಿಸಿದ್ದಕ್ಕೆ ಮನುಷ್ಯ ಯೋಗ್ಯನೇ ಇದ್ದ ಎನ್ನಿ.) ಪ್ಯಾರಿಸಿನಲ್ಲಿ ಮೇಯೆ, ಸ್ಟ್ರಾಸ್‌ಬರ್ಗಿನಲ್ಲಿ ಹ್ಯೂಬ್ಷ್‌ಮನ್ ಅವರ ಬಳಿ ಕಲಿತು, ಊರೂರಿನ ಶಾಲೆಗಳಲ್ಲಿ ಮೇಷ್ಟರಾಗಿ ಹೊಟ್ಟೆ ಹೊರೆದುಕೊಂಡು, ಆರ್ಮೇನಿಯನ್ ಧಾತುಗಳ ನಿಘಂಟನ್ನು 1926ರಿಂದ 1935ರವರೆಗೆ 7 ಸಂಪುಟಗಳಲ್ಲಿ ಹೊರತಂದ, ಕಲ್ಲಚ್ಚಿನಲ್ಲಿ, ಅಂದರೆ ಲಿಪಿಕಾರನ ಕೈಬರಹದಲ್ಲೇ. ಪ್ರತಿ ಪದಕ್ಕೂ ಬಳಕೆ, ಮೂಲ, ಆ ಮೂಲದ ಬಗ್ಗೆ ಹಿಂದಿನವರೆಲ್ಲ ಹೇಳಿದ ಸರಿತಪ್ಪುಗಳ ಪಟ್ಟಿ, ಆಡುನುಡಿಗಳ ರೂಪ, ಅದನ್ನು ಕಡ ಒಯ್ದ ನೆರೆಭಾಷೆಗಳು. ತಪ್ಪು ವ್ಯುತ್ಪತ್ತಿಗಳನ್ನೂ ಹೆಸರು ಸಮೇತ ದಾಖಲಿಸುವ ಆ ಶಿಸ್ತನ್ನು ನಮ್ಮ ನಿಘಂಟುಕಾರರು ಕಲಿಯಬೇಕಿತ್ತು. 1937ರಲ್ಲಿ ಸ್ಟಾಲಿನ್ನನ ಪೋಲೀಸರು ಅವನನ್ನೂ ಹಿಡಿದೊಯ್ದರು; ಜೀವಂತ ಮರಳಿದ್ದು ಪುಣ್ಯ.

ದಪಿರ್‌ನ ಸೋದರ ದಿವಾನ್ ಆರ್ಮೇನಿಯನ್ನಿನಲ್ಲಿ ಮಂತ್ರಿಯಾಗಲಿಲ್ಲ, ದಾಖಲೆಯ ಕೋಶವಾಗಿಯೇ ಉಳಿಯಿತು. ಹಳೆಯ ಗುಡಿಗೋಡೆಗಳ ಶಾಸನಗಳನ್ನೆಲ್ಲ ಊರುವಾರು ಕೂಡಿಸಿ 1966ರಿಂದ ಯೆರೆವಾನಿನಲ್ಲಿ ತರುತ್ತಿರುವ ಸಂಪುಟಗಳ ಹೆಸರು ‘ಆರ್ಮೇನಿಯನ್ ಶಾಸನಗಳ ದಿವಾನ್’. ಮೊದಲನೆಯದು ಹೊವ್ಸೆಪ್ ಒರ್ಬೆಲಿ ಓದಿಟ್ಟ ಅನೀ ನಗರದ ಶಾಸನಗಳದು. ನಮ್ಮ ಎಪಿಗ್ರಾಫಿಯ ಕರ್ನಾಟಿಕಕ್ಕೆ ಅದು ಓರಗೆಯ ಸೋದರಿ.

ಎಪಿಗ್ರಾಫಿಯ ಕರ್ನಾಟಿಕ ಎಂದಮೇಲೆ ಅದನ್ನು ಹೊರತಂದ ರೈಸರ ನೆನಪಾಗಲೇಬೇಕು. ಅವರು 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕಂಡರಲ್ಲ, ಅದರ ಕೊನೆಗೆ ಬರೆದವನ ಸಹಿಯಿದೆ. ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಆದರೆ ಕಟ್ಟಕಡೆಗೆ ತನ್ನ ಕಸುಬನ್ನು ಹೇಳಿಕೊಳ್ಳುವ ಒಂದು ಪದವನ್ನು ಮಾತ್ರ ಚಪಡ ವಾಯವ್ಯದ ಖರೋಷ್ಠಿಯಲ್ಲಿ ಕೊರೆದಿದ್ದಾನೆ, ಬಲದಿಂದ ಎಡಕ್ಕೆ. ಆ ಪದ ‘ಲಿಪಿಕರ’. ಅತ್ತ ಕಡೆ ಹೋದಾಗ ಬಂಡೆಯ ಕೊನೆಯ ಸಾಲಿನ ಹತ್ತಿರ ಸ್ವಲ್ಪ ಹೊತ್ತು ಕೂತು ಬನ್ನಿ.